ಹತ್ತು ಲಕ್ಷದ ಒಂದು

ಲೆಕ್ಕದ ಮೇಷ್ಟ್ರಿಗೆ ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋದ ಮೇಲೆ, ಅವರ ಹೆಂಡತಿ ಟೈಲರಕ್ಕ ಹೊಲಿಗೆ ಯಂತ್ರವನ್ನು ಮಂಚದ ಪಕ್ಕಕ್ಕೇ ಎಳೆದುಕೊಂಡಳು. ಕಾಲು ತುಳಿಯುತ್ತಿದ್ದರೆ ಬಾಯಿ ಮಾತಾಡುತ್ತಿತ್ತು: ಉಕ್ಕಿ ಹೋದ ಹಾಲು, ಪಕ್ಕದ ಮನೆಯ ಜಗಳ, ಯಾರದೋ ಅಂಗಿಗೆ ತಿರುವುಮುರುವಾಗಿ ಕೂತ ತೋಳು. ಮೇಷ್ಟ್ರು ಮಾತ್ರ ಸೂರು ನೋಡುತ್ತ ಮಲಗಿರುತ್ತಿದ್ದರು.

"ಅತ್ತಿಗೆ, ಇನ್ನೆಷ್ಟು ದಿನ ಗೋಡೆಗೆ ಕತೆ ಹೇಳ್ತೀರಾ?" ಎಂದಳು ನಾದಿನಿ. "ಅಣ್ಣ ಒಳಗಿಲ್ಲ. ಡಾಕ್ಟ್ರೇ ಕೈಚೆಲ್ಲಿದ್ದಾರೆ. ಇಂಥವರನ್ನ ನೋಡ್ಕೊಳ್ಳೋ ಕಡೆ ಜಾಗ ಸಿಕ್ಕಿದೆ. ಸೋಮವಾರ ಗಾಡಿ ತರ್ತೀನಿ."

ಟೈಲರಕ್ಕ ಮೇಷ್ಟ್ರ ಕಡೆ ತಿರುಗಿದಳು. ಅವರನ್ನು ಎಬ್ಬಿಸುವಂಥ ಮಾತು ಯಾವುದು? ಪ್ರತಿ ಹೊಸ ತರಗತಿಗೂ ಅವರು ಕೇಳುತ್ತಿದ್ದ ಪ್ರಶ್ನೆ ನೆನಪಾಯಿತು: ಒಂದನ್ನು ಬಿಟ್ಟರೆ, ಹತ್ತು ಲಕ್ಷದ ಒಂದನ್ನು ಶೇಷವಿಲ್ಲದೆ ಭಾಗಿಸುವ ಅತಿ ಚಿಕ್ಕ ಸಂಖ್ಯೆ ಯಾವುದು? ಮದುವೆಯಾದ ಹೊಸದರಲ್ಲಿ ಅವಳನ್ನೂ ಕೇಳಿದ್ದರು. "ನನಗೆ ಗಜ, ಇಂಚು ಸಾಕು ಕಣ್ರಿ" ಎಂದು ನಕ್ಕಿದ್ದಳು.

ಈಗ ಕಪ್ಪು ಬಟ್ಟೆ ಹಾಸಿ, ಗುರುತು ಹಾಕುವ ಸೀಮೆಸುಣ್ಣದಲ್ಲಿ ಭಾಗಿಸಲು ಕೂತಳು. ಮೂರರಿಂದ ಭಾಗಿಸಿದರೆ ಎರಡು ಉಳಿಯಿತು. ಏಳರಿಂದಲೂ ಎರಡೇ. ಹನ್ನೊಂದು, ಹದಿಮೂರು, ಆಗಲೂ ಎರಡು.

"ರೀ, ಇದೆಂಥ ಹಟಮಾರಿ ಸಂಖ್ಯೆ! ಎರಡು ಬಿಟ್ಟುಕೊಡೋದೇ ಇಲ್ಲ ಅನ್ನುತ್ತೆ."

ಮೇಷ್ಟ್ರ ಮುಖ ಮಿಸುಕಲಿಲ್ಲ. ಹದಿನೇಳಕ್ಕೆ ಹತ್ತು ಉಳಿಯಿತು. ಒರೆಸಿ ಒರೆಸಿ ಬಟ್ಟೆ ಬೂದಿಯ ಬಣ್ಣಕ್ಕೆ ತಿರುಗಿತು. ಹೊಲಿಗೆ ಮೂಲೆ ಸೇರಿತು. ಭಾನುವಾರ ಮಧ್ಯಾಹ್ನ ನೂರಾ ಒಂದರಿಂದ ಭಾಗಿಸಿದಾಗ ಕೊನೆಯಲ್ಲಿ ಸೊನ್ನೆ ಬಂತು. ನಂಬಲಾಗದೆ ಮತ್ತೆ ಮಾಡಿದಳು. ಸೊನ್ನೆಯೇ.

"ಸಿಕ್ತು ಕಣ್ರಿ! ನೂರಾ ಒಂದು! ಒಂಬತ್ತು ಸಾವಿರದ ಒಂಬೈನೂರಾ ಒಂದು ಸಲ ಹೋಗುತ್ತೆ. ಒಂದೇ ಒಂದು ಸಲ ಹೂಂ ಅನ್ನಿ!"

ಅವರು ಸೂರು ನೋಡುತ್ತಲೇ ಇದ್ದರು. ಭುಜ ಹಿಡಿದು ಅಲುಗಾಡಿಸಿದಳು. ಏನೂ ಇಲ್ಲ. ಅವಳು ಸೀಮೆಸುಣ್ಣ ಬಿಸಾಡಿದಳು.

"ಹಾಳಾಗಿ ಹೋಗ್ಲಿ," ಎಂದಳು ಅಳುತ್ತ. "ನೂರಾ ಮೂರಕ್ಕೂ ಹೋಗುತ್ತೆ. ನೂರಾ ಐದಕ್ಕೂ ಹೋಗುತ್ತೆ. ಎಲ್ಲಕ್ಕೂ ಹೋಗುತ್ತೆ!"

ಮೇಷ್ಟ್ರ ಹುಬ್ಬು ಗಂಟಿಕ್ಕಿತು. ದಿಂಬಿನ ಮೇಲೆ ತಲೆ ನಿಧಾನವಾಗಿ ಎಡಕ್ಕೆ ಹೊರಳಿತು, ಆಮೇಲೆ ಬಲಕ್ಕೆ.

ಅವಳು ಮಂಚದ ಮೇಲೆ ಬಾಗಿದಳು. "ನೂರಾ ಮೂರಕ್ಕೆ ಹೋಗಲ್ವಾ?"

ತಲೆ ಮತ್ತೆ ಅಡ್ಡಡ್ಡ ಆಡಿತು.

"ನೂರಾ ಒಂದಕ್ಕೆ?"

ಕಣ್ಣು ಮುಚ್ಚಿ, ತೆರೆದವು.

ಮರುದಿನ ಗಾಡಿಯೊಂದಿಗೆ ಬಂದ ನಾದಿನಿಗೆ ಟೈಲರಕ್ಕ ಹೇಳಿದ್ದು ಇಷ್ಟೆ: "ತಪ್ಪು ಮಗ್ಗಿ ಹೇಳು." ಅವಳು ಅರೆಮನಸ್ಸಿನಿಂದ "ಏಳೇಳ್ಲ ನಲವತ್ತೆಂಟು" ಎಂದಳು. ಅಣ್ಣ ಅಡ್ಡಡ್ಡ ತಲೆಯಾಡಿಸಿದ್ದು ಕಂಡು, ಅವರ ಪಾದ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಗಾಡಿ ಖಾಲಿಯಾಗಿಯೇ ಹೋಯಿತು.

ಮೇಷ್ಟ್ರಿಗೆ ಮಾತು ಮರಳಲಿಲ್ಲ. ಮರುವರ್ಷ ಅವರು ತೀರಿಕೊಂಡರು. ಆದರೆ ಆ ಸೋಮವಾರ, ನಾದಿನಿ ಹೊರಟ ಮೇಲೆ, ಟೈಲರಕ್ಕ ಅವರ ಕೈ ಹಿಡಿದು ಇಷ್ಟು ತಿಂಗಳು ಯಾರೂ ಕೇಳದಿದ್ದುದನ್ನು ಕೇಳಿದ್ದಳು.

"ರೀ, ನೋವಿದೆಯಾ?"

ಅವರ ಕಣ್ಣು ಮುಚ್ಚಿ, ತೆರೆದವು.

"ಮೊದಲಿಂದ್ಲೂ?"

ಮತ್ತೆ ಮುಚ್ಚಿದವು. ಈ ಸಲ ತೆರೆಯಲು ತುಂಬ ಹೊತ್ತು ಹಿಡಿಯಿತು.