ಖೋಸಿಯತ್ ಆಪಾ ಮನೆಗೆ ಸೊಸೆ

ಪಕ್ಕದ ಫ್ಲ್ಯಾಟಿನ ಖೋಸಿಯತ್ ಆಪಾ ತಾಷ್ಕೆಂಟಿನ ಒಂದು ರಂಗಮಂದಿರದಲ್ಲಿ ವೇಷದ ಬಟ್ಟೆ ಹೊಲಿಯುತ್ತಿದ್ದವರು. ಹನ್ನೆರಡು ವರ್ಷದ ಹಿಂದೆ ಟೀವಿ ಸೀರಿಯಲ್ಲೊಂದರಲ್ಲಿ ಸೊಸೆಯನ್ನು ಗೋಳಾಡಿಸುವ ಅತ್ತೆಯಾಗಬೇಕಿದ್ದ ನಟಿ ಬರಲಿಲ್ಲವೆಂದು ಇವರನ್ನೇ ಕ್ಯಾಮೆರಾ ಮುಂದೆ ಕೂರಿಸಿದರು. ಕೂಡಿದ ಹುಬ್ಬು, ಬಿಗಿದ ತುಟಿ, ಸದ್ದಿಲ್ಲದ ನಡಿಗೆ. ಆ ಪಾತ್ರಕ್ಕೆಂದೇ ಹುಟ್ಟಿದವರು ಎಂದು ಊರೆಲ್ಲ ತೀರ್ಮಾನಿಸಿಬಿಟ್ಟಿತು. ತುಟಿ ಬಿಗಿದಿದ್ದದ್ದು ಹಲ್ಲುನೋವಿಗೆ. ಅದನ್ನು ಕೇಳುವವರಾರು? ಬಜಾರಿನಲ್ಲಿ ಕ್ಯಾರೆಟ್ ಮಾರುವವಳು ಇವತ್ತಿಗೂ, ಸೊಸೆಗೆ ಊಟ ಹಾಕಿದಿರಾ ಎಂದು ವಿಚಾರಿಸಿಕೊಂಡೇ ತೂಗುತ್ತಾಳೆ.

ಸೊಸೆ ಬಂದಿದ್ದರೆ ತಾನೆ ಊಟ ಹಾಕುವುದು! ಒಬ್ಬನೇ ಮಗ ಅಸ್ರೋರ್‌ಗೆ ಮೂವತ್ತೆರಡಾಯಿತು. ರೊಟ್ಟಿ ಕಟ್ಟಿಕೊಂಡು ನಾಲ್ಕು ಮನೆಗೆ ಹೆಣ್ಣು ಕೇಳಲು ಹೋಗಿದ್ದರು. ಒಪ್ಪಿದವರು ರೊಟ್ಟಿ ಮುರಿಯುತ್ತಾರೆ. ಇವರದು ನಾಲ್ಕು ಸಲವೂ ಇಡಿಯಾಗಿಯೇ ವಾಪಸು ಬಂತು. ಐದನೆಯವಳು ಮವ್ಜುದಾ. ಹುಡುಗ ಹುಡುಗಿ ಆಗಲೇ ಮೆಚ್ಚಿಕೊಂಡಿದ್ದರು.

ಹೆಣ್ಣಿನ ಕಡೆಯವರು ನೆರೆಹೊರೆಯಲ್ಲಿ ವಿಚಾರಿಸದೆ ಮಾತು ಕೊಡುವುದಿಲ್ಲ. ಮವ್ಜುದಾಳ ಸೋದರತ್ತೆ ನಮ್ಮ ಬಾಗಿಲು ತಟ್ಟಿದಾಗ ನಾನು ಜ್ವರವೇನೋ ಎಂದು ನನ್ನ ಮಗುವಿನ ಹಣೆಯನ್ನು ಮೂರನೇ ಸಲ ಮುಟ್ಟಿ ನೋಡುತ್ತಿದ್ದೆ. ಆಪಾ ಇಲ್ಲದಿದ್ದರೆ ನನ್ನ ಬಾಣಂತನವೇ ಸಾಗುತ್ತಿರಲಿಲ್ಲ ಎಂದೆ. ಕೇಳದಿದ್ದದ್ದನ್ನೂ ಹೇಳಿದೆ.

"ಒಂದ್ಸಲಾನೂ ಬೈದಿಲ್ವಾ, ಮಗಳೇ?"

ಬಾಯಿಗೆ ಸುಳ್ಳು ಬರಲಿಲ್ಲ. ಮಗುವಿಗೆ ಕಾಲುಚೀಲ ಹಾಕಿಲ್ಲವೆಂದು ಒಮ್ಮೆ ಬೈದಿದ್ದರು ಎಂದುಬಿಟ್ಟೆ.

"ನಂಗ್ ಗೊತ್ತಿತ್ತು. ಒಂಬತ್ತನೇ ಕಂತಲ್ಲೂ ಹೀಗೇ ಶುರು ಮಾಡಿದ್ಲು," ಎಂದು ಆಕೆ ಚಹಾ ಮುಗಿಸದೆ ಎದ್ದಳು.

ಎರಡು ದಿನ ಕಳೆದು ಹೇಳಿಕಳಿಸಿದರು. ಹುಡುಗಿಯನ್ನು ಕೊಡುತ್ತಾರಂತೆ, ಆದರೆ ಅತ್ತೆ ಆ ಮನೆಯಲ್ಲಿ ಇರಕೂಡದಂತೆ. ಒಬ್ಬನೇ ಮಗ ತಾಯಿಯನ್ನು ಬಿಟ್ಟಿರುವುದು ನಮ್ಮಲ್ಲಿ ಎಲ್ಲಿಯೂ ಇಲ್ಲ. ಈ ಸಂಬಂಧವೇ ಬೇಡವೆಂದು ಅಸ್ರೋರ್ ಕೂಗಾಡಿದ. ಕಾಲುಚೀಲದ ಮಾತು ಆಡಿದವಳು ನಾನೇ ಎಂದು ಆಪಾ ಎದುರು ಕಣ್ಣೀರು ಹಾಕಿದೆ. ಅವರು ಇಬ್ಬರನ್ನೂ ಕೂರಿಸಿ ಊಟ ಬಡಿಸಿದರು. ಮಾರನೇ ದಿನ ತಾವೇ ಹೋಗಿ ಒಪ್ಪಿ ಬಂದರು. ರೊಟ್ಟಿ ಮುರಿಯಿತು.

ಚಿರ್ಚಿಕ್‌ನಲ್ಲಿರುವ ತಂಗಿಯ ಮನೆಗೆ ಆಪಾ ಹೊರಡುವ ಬೆಳಿಗ್ಗೆ ಗಂಟು ಕಟ್ಟಲು ಹೋಗಿದ್ದೆ. ಸೊಸೆಗೆಂದು ಹೊಲಿದಿಟ್ಟಿದ್ದ ಹತ್ತಿಯ ಹಾಸುಗಳನ್ನು ಅಲ್ಲೇ ಬಿಟ್ಟರು. ಅವುಗಳ ಮೇಲೆಯೇ ಕುಳಿತು ಬಹಳ ಹೊತ್ತು ಏಳಲಿಲ್ಲ.

"ಆ ಸೀರಿಯಲ್ನಲ್ಲೂ ನನ್ನನ್ನ ಯಾರೂ ಮನೆಯಿಂದ ಆಚೆ ಹಾಕಿರ್ಲಿಲ್ಲ ಕಣೇ," ಎಂದರು. "ಸೊಸೇನೇ ಹೋಗಿದ್ದು."

ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.