ಕುರಿಗಳು ಅಲ್ಲಾಡಿರಲಿಲ್ಲ

ಮೊನ್ನೆ ತಾಂಡೂರಿನ ಗೋದಾಮಿನಲ್ಲಿ ಹಳೆಯ ಕೇಬಲ್ ಚೀಲ ಬಿಚ್ಚಿದೆ. ಕುರಿ ಹಿಕ್ಕೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಕಾಕಾ ನೆನಪಾದ. ಜೊತೆಗೆ ನಮ್ಮ ಸಾಹೇಬನ ಮೇಲಿನ ಸಿಟ್ಟೂ, ನನ್ನ ಮೇಲಿನ ಸಿಟ್ಟೂ...

ಕಾಕಾ ನನ್ನ ಬಳಗದವನೇನಲ್ಲ. ಮನೂರ್ ಕಡೆಯ ಒಂದು ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ ಮುದುಕ. ಅಲ್ಲಿ ನೀರಿನ ಟಾಕಿ ಕಟ್ಟುವ ಮೊದಲು ನಾವು ನೆಲ ಪರೀಕ್ಷೆಗೆ ಹೋಗಿದ್ದೆವು. ಕೇಬಲ್ ಹಾಸಿ, ಅದಕ್ಕೆ ಜೋಡಿಸಿದ ಸಣ್ಣ ಯಂತ್ರಗಳನ್ನು ಸಾಲಾಗಿ ನೆಲಕ್ಕೆ ಚುಚ್ಚಿ, ಕಬ್ಬಿಣದ ಹಲಗೆಯ ಮೇಲೆ ಸುತ್ತಿಗೆಯಿಂದ ಹೊಡೆಯುವುದು ನಮ್ಮ ಕೆಲಸ. ಏಟಿನ ಅಲೆ ನೆಲದ ಮೈಮೇಲೆ ಓಡುತ್ತದೆ; ಗಟ್ಟಿ ಇದ್ದಲ್ಲಿ ಜೋರಾಗಿ, ಸಡಿಲ ಇದ್ದಲ್ಲಿ ನಿಧಾನವಾಗಿ. ಅದನ್ನು ಅಳೆದು ಒಳಗಿನ ಚಿತ್ರ ತೆಗೆಯುತ್ತೇವೆ. ಆಗ ಸುತ್ತ ಯಾರೂ ಹೆಜ್ಜೆ ಎತ್ತಬಾರದು.

ಉರಿಬಿಸಿಲಲ್ಲಿ ಕಾಕಾ ನಾಲಿಗೆ ಲೊಚಗುಟ್ಟಿದ. ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಂತವು. ನಾವು ಕೆಲಸ ಮುಗಿಸಿ ಸುತ್ತಿಗೆ ಕೆಳಗಿಡುವವರೆಗೂ ಒಂದೂ ಕದಲಲಿಲ್ಲ. ಆಮೇಲೆ ಅವನೇ ಬಂದು ಕೋಲಿನಿಂದ ಒಂದು ಜಾಗ ತೋರಿಸಿದ.

“ಇಲ್ಲಿ ಕಟ್ಟಬ್ಯಾಡ್ರಿ. ಮಳಿ ನೀರು ಇಲ್ಲಿ ನಿಲ್ಲಲ್ಲ, ಒಳಗ ಹೋಗ್ತದ. ಕೆಳಗ ಪೊಳ್ಳ ಅದರಿ.”

ನಮ್ಮ ಚಿತ್ರವೂ ಅದನ್ನೇ ಹೇಳಿತು. ಸರಿಯಾಗಿ ಅಲ್ಲೇ ಅಲೆ ಕುಂಟಿತ್ತು. ಸಾಹೇಬ ಮುಖ ಸಿಂಡರಿಸಿದ. ಜಾಗ ಬದಲಿಸಿದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಿತ್ತು.

“ಕುರಿ ತುಳದ ಗದ್ದಲ ಅದು. ಅಷ್ಟು ತೆಗದು ಹಾಕು, ಕುರಿ ಸದ್ದು ಅಂತ ಬರಿ,” ಅಂದ.

ಬರೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಟಾಕಿ ಅಲ್ಲೇ ಎದ್ದಿತು. ಎರಡನೇ ಮಳೆಗಾಲಕ್ಕೆ ಅದರ ಒಂದು ಕಾಲು ಕುಸಿದು ಟಾಕಿ ಉರುಳಿತು. ಆ ನೆಲದ ಮೇಲೆ ಕಾಕಾಗೆ ನಂಬಿಕೆ ಇರಲಿಲ್ಲ, ಆದರೆ ಕುರಿಗಳ ನೀರಿನ ತೊಟ್ಟಿ ಟಾಕಿಯ ಬುಡದಲ್ಲೇ ಇತ್ತು. ಅವಶೇಷದಡಿಯಿಂದ ಅವನನ್ನು ಹೊರತೆಗೆಯಲು ಇಡೀ ದಿನ ಹಿಡಿಯಿತು... ವಿಚಾರಣೆಯಲ್ಲಿ ಸಾಹೇಬ ನಾನು ಬರೆದ ಸಾಲನ್ನೇ ಮುಂದೆ ಹಿಡಿದ. ಅಳೆಯುವಾಗ ಮುದುಕ ಕುರಿ ಬಿಟ್ಟಿದ್ದ, ತಪ್ಪು ಅವನದೇ ಅಂದ. ಸತ್ತವನ ತಲೆಗೆ ಕಟ್ಟಿ ಕೈ ತೊಳೆದುಕೊಂಡ ಬೇವರ್ಸಿ. ನಾನು ಪಕ್ಕದಲ್ಲೇ ಕೂತು ನೆಲ ನೋಡುತ್ತಿದ್ದೆ.

ನಿನ್ನೆ ಬಸ್ಸಿನಲ್ಲಿ ನಾರಾಯಣಖೇಡಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಆ ಹಳ್ಳಿಗೆ ಹೋದೆ. ಕಾಕಾನ ಹೆಂಡತಿ ಹಟ್ಟಿ ಗುಡಿಸುತ್ತಿದ್ದಳು.

“ಅವತ್ತು ಕುರಿ ಅಲ್ಲಾಡಿರಲಿಲ್ಲ, ಕಾಕಿ,” ಅಂದೆ.

ಅವಳು ತಲೆ ಎತ್ತಲಿಲ್ಲ.

“ನನಗ್ಯಾಕ ಹೇಳ್ತೀರಿ? ನನಗ ಗೊತ್ತೇ ಅದ. ಎಲ್ಲಿ ಬರದೀರಿ, ಅಲ್ಲಿ ಹೋಗಿ ಹೇಳ್ರಿ.”

ಈಗ ವಿಚಾರಣೆ ನಡೆಸಿದವರಿಗೆ ಬರೆಯಲು ಕೂತಿದ್ದೇನೆ. ಸಾಹೇಬನ ಹೆಸರು, ಅದರ ಕೆಳಗೆ ನನ್ನದೂ. ಇದರಿಂದ ಕಾಕಾ ಎದ್ದು ಬರುವುದಿಲ್ಲ.