ಬಳೆ ತನ್ನಿ ಎಂದಿದ್ದಳು

ಅಥವಾ ಮಕ್ಕಳು ಬಳೆ ತಂದದ್ದು ನನ್ನ ಗೆಳತಿ ತೀರಿಕೊಂಡ ಮರುವಾರವಲ್ಲ, ಇನ್ನೂ ತಡವಾಗಿಯೂ ಇರಬಹುದು. ಅವಳ ಕೊನೆಯ ವಿಡಿಯೊವನ್ನು ಮತ್ತೆ ಮತ್ತೆ ನೋಡಿ ನನ್ನ ನೆನಪು ಕಲಸಿಹೋಗಿದೆ.

ರಾಜಗೋಪಾಲನಗರದ ನಮ್ಮ ಶಾಲೆಯಲ್ಲಿ ಅವಳು ಏಳನೆಯ ತರಗತಿಗೆ ಗಣಿತ ಹೇಳಿಕೊಡುತ್ತಿದ್ದಳು. ಪಾಠವನ್ನು ವಿಡಿಯೊ ಮಾಡಿ ಮೊದಲೇ ಕಳುಹಿಸುತ್ತಿದ್ದಳು. ಮಕ್ಕಳು ಅದನ್ನು ಮನೆಯಲ್ಲಿ ನೋಡಿಕೊಂಡು ಬರಬೇಕು, ತರಗತಿಯಲ್ಲಿ ತಾವೇ ಮಾಡಿ ಕಲಿಯಬೇಕು. ವೃತ್ತದ ಪಾಠ ಕಳುಹಿಸಿದ ಮೇಲೆ, ಶಾಲೆಗೆ ಬರುವ ದಾರಿಯಲ್ಲಿ ಲಾರಿಯೊಂದು ಅವಳ ಸ್ಕೂಟರಿಗೆ ಗುದ್ದಿತು. ಅವಳ ತರಗತಿ ನನಗೆ ಬಂತು.

ನಾನು ಒಳಗೆ ಹೋದಾಗ ಮಕ್ಕಳು ಡೆಸ್ಕಿನ ಮೇಲೆ ಬಳೆ ಇಟ್ಟುಕೊಂಡು ಕಾಯುತ್ತಿದ್ದರು. ವಿಡಿಯೊದ ಕೊನೆಯಲ್ಲಿ ಅವಳು, "ಎಲ್ರೂ ಒಂದೊಂದು ಬಳೆ ತನ್ನಿ, ಯಾಕೆ ಅಂತ ಕ್ಲಾಸಲ್ಲಿ ಹೇಳ್ತೀನಿ," ಎಂದಿದ್ದಳು. ಆಗಿನ್ನೂ ವಿಡಿಯೊ ನೋಡಿರದ ನಾನು ಬಳೆಗೆ ದಾರ ಸುತ್ತಿ ಪರಿಧಿ ಅಳೆಯಲು ಹೊರಟೆ.

"ಮಿಸ್, ಅದನ್ನ ಅವ್ರು ವಿಡಿಯೊದಲ್ಲೇ ಮಾಡ್ಬಿಟ್ರು," ಎಂದಳು ಮುಂದಿನ ಬೆಂಚಿನ ಹುಡುಗಿ. "ಬಳೆ ಕೇಳಿದ್ದು ಇನ್ಯಾತಕ್ಕೋ."

"ಇದು ನಮ್ಮಮ್ಮಂದು ಮಿಸ್, ವಾಪಸ್ ಕೊಡ್ಬೇಕು, ಬೇಗ ಹೇಳಿ," ಎಂದ ಹಿಂದಿನಿಂದ ಒಬ್ಬ.

"ಹಾಕ್ಕೊಂಡೇ ಬರ್ಬೇಕಿತ್ತು ಕಣೋ!" ಎಂದು ಪಕ್ಕದವನು ನಕ್ಕ. ಬೇರೆ ಯಾರೂ ನಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಕೇಳಿಕೊಂಡು ಬಂದು ಹೇಳುತ್ತೇನೆ ಎಂದೆ. ಅವಳ ತಾಯಿಯನ್ನು ಕೇಳಿದೆ, ಜೊತೆಯ ಶಿಕ್ಷಕಿಯರನ್ನೂ ಕೇಳಿದೆ. ಅವಳು ಯಾರಿಗೂ ಹೇಳಿರಲಿಲ್ಲ. ಆ ಬಳೆಗಳಿಂದ ಅವಳು ಮಕ್ಕಳಿಗೆ ಏನು ತೋರಿಸಬೇಕೆಂದಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.